ಹಿಂದಿನ ಎಡಗಡೆಯ ದನಿ

ಗಂಗಾವತಿಯಿಂದ ಕನಕಗಿರಿಗೆ ಹೊರಟ ಬಸ್ಸಿನಲ್ಲಿ ಮಂಜೂರನ ಹಿಂದೆ, ಎಡಗಡೆಯಿಂದ, ಯಾರೋ ನಕ್ಕರು. ಅವನು ಗಕ್ಕನೆ ತಿರುಗಿದ. ಹೂಕೋಸಿನ ಚೀಲ ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದಳು. ತನ್ನತ್ತ ತಿರುಗಿದ ಆ ಉದ್ದನೆಯ ಮುಖವನ್ನು ಕಂಡು ನಗುವನ್ನು ಅಲ್ಲೇ ನಿಲ್ಲಿಸಿ ಚೀಲದ ಬಾಯಿಯನ್ನು ಬಿಗಿ ಮಾಡಿಕೊಂಡಳು. ಮಂಜೂರ ನಾಚಿ ಮುಂದಕ್ಕೆ ತಿರುಗಿದ. ಈಚೆಗೆ ಇದೇ ಆಗಿತ್ತು. ಕಣ್ಣೆದುರಿನ ಭತ್ತದ ಗದ್ದೆ, ರೈಸ್ ಮಿಲ್ಲು, ಟಿಕೆಟ್ಟಿನ ಚಿಲ್ಲರೆಗೆ ಗೊಣಗುವ ಕಂಡಕ್ಟರ್ ಇವೆಲ್ಲ ಜಗತ್ತಿನ ಮುಂಭಾಗದಲ್ಲಿ ತಮ್ಮ ಪಾಡಿಗೆ ತಾವು ನಡೆದುಕೊಳ್ಳುತ್ತಿದ್ದವು. ಮುಖ್ಯವಾದದ್ದು ಮಾತ್ರ ಯಾವಾಗಲೂ ಹಿಂದಿನ ಎಡಗಡೆಯಲ್ಲಿ, ಕಿವಿಯಿಂದ ಒಂದು ಗೇಣು ದೂರದಲ್ಲಿ, ಈಗ ಬಂದೇಬಿಡುತ್ತದೆ ಎಂಬಂತೆ ನಿಂತಿರುತ್ತಿತ್ತು. ಬಸ್ಸು ಹಂಪ್ ಏರಿಳಿದಾಗ ಅದು ಮತ್ತೆ ಬಂತು. "ಆ ಉದ್ದಾನಾಂವನ್ನ ನೋಡ್ರೇ, ಎಂಥಾ ಛಂದ ನಿಂತಾನ..." ಆಮೇಲೆ ತಾಟುಗಳು ಬೀಳುವ ಸದ್ದು. ಯಾವಾಗಲೂ ಅಲ್ಲಿಗೇ ತಾಟು ಬೀಳುತ್ತಿದ್ದವು. ಪೂರ್ತಿ ಮಾತು ಕೇಳಿಸಿದ್ದರೆ ಈ ಹುಚ್ಚು ಹಿಡಿಯುತ್ತಿರಲಿಲ್ಲವೇನೋ. ಅರ್ಧ ಮಾತು ಅರ್ಧ ಹಲ್ಲಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ.

ಉದ್ದಾನಾಂವ ಅವನೇ, ಅದರಲ್ಲಿ ಅನುಮಾನವಿರಲಿಲ್ಲ. ಕನಕಗಿರಿಯ ಗಾದಿ ಹೊಲಿಯುವ ರಾಜಾಸಾಬನ ಮಗಳು ಸಬೀನಾಳ ಲಗ್ನದಲ್ಲಿ ಮದುಮಗ ತಾಹೇರನೂ ಸೇರಿ ಉಳಿದ ಗಂಡಸರೆಲ್ಲ ಗಿಡ್ಡರು. ಅವರ ನಡುವೆ ಕ್ಯಾಮೆರಾ ಹಿಡಿದ ಮಂಜೂರ ಲೈಟಿನ ಕಂಬದ ಹಾಗೆ ನಿಂತಿದ್ದ. ಶಾದಿಖಾನೆಯ ಮುಂಭಾಗದಲ್ಲಿ ಗಂಡಸರು, ಹಿಂದೆ ತೆಳ್ಳನೆಯ ಪರದೆ, ಪರದೆಯ ಆಚೆ ಹೆಂಗಸರು. ಆಚೆಗೆ ಗಂಡಸು ಹೋಗುವಂತಿಲ್ಲವಾದ್ದರಿಂದ ಎರಡನೆಯ ಕ್ಯಾಮೆರಾ ಅವನ ಅಕ್ಕ ಮುಮ್ತಾಜಬೇಗಂ ಕೈಯಲ್ಲಿ. ಆಪಾ ಕ್ಯಾಮೆರಾವನ್ನು ಮದುಮಗಳ ಮೇಲೆ ನೆಟ್ಟುಬಿಟ್ಟಿದ್ದಳು. ಆದರೆ ಅದರ ಮೈಕು ಯಾವ ಮರ್ಯಾದೆಯನ್ನೂ ಇಟ್ಟುಕೊಳ್ಳದೆ ಬಳೆ, ಕೂಸಿನ ಅಳು, ಬಿರ್ಯಾನಿಯ ಉಪ್ಪಿನ ಚರ್ಚೆ, ಯಾರದೋ ನಾದಿನಿಯ ಹೊಸ ಬೋರ್ಮಳದ ಅಸಲಿಯತ್ತು ಎಲ್ಲವನ್ನೂ ಒಳಗೆ ಹಾಕಿಕೊಂಡಿತ್ತು. ಅದರಲ್ಲೇ ಆ ದನಿ. ಮನೆಯಲ್ಲಿ ಉರ್ದು, ಚೇಷ್ಟೆಗೆ ಕನ್ನಡ ಎಂದು ಹಂಚಿಕೊಂಡ ನಾಲಿಗೆ. ಎರಡನೆಯ ಸಲ ಕೇಳುವಾಗ ಮಂಜೂರ ಹೆಡ್‌ಫೋನನ್ನು ಅಂಗೈಯಿಂದ ಕಿವಿಗೆ ಒತ್ತಿಕೊಂಡಿದ್ದ. ಆಮೇಲೆ ಕೆಲಸದ ನಡುನಡುವೆ, ಚಹಾ ಕುಡಿಯುವಾಗ, ಬೇರೆ ಲಗ್ನದ ಆಲ್ಬಮ್ಮು ಕತ್ತರಿಸುವಾಗ, ಒಮ್ಮೆ ಕೇಳಿ ನೋಡೋಣ ಎಂದು ಮತ್ತೆ ಹಚ್ಚುತ್ತಿದ್ದ. ತಾಟಿನ ಸದ್ದನ್ನು ಸೋಸಿ ತೆಗೆಯಲು ತನಗೆ ಗೊತ್ತಿದ್ದ ಜರಡಿಗಳನ್ನೆಲ್ಲ ಹಚ್ಚಿದ. ತಾಟು ಹೋದರೆ ಮಾತೂ ಹೋಗುತ್ತಿತ್ತು, ಮಾತು ಬಂದರೆ ತಾಟೂ. ಅವಳಿಗೆ ಮುಖವಿರಲಿಲ್ಲ, ದಿಕ್ಕಿತ್ತು. ಆಪಾಳನ್ನು ಕೇಳಿದ್ದರೆ ಯಾರೆಂದು ಹೇಳುತ್ತಿದ್ದಳು. ಆದರೆ ಆಪಾಳನ್ನು ಕೇಳುವುದೂ ಗಂಗಾವತಿಯ ಗಾಂಧಿ ಚೌಕದಲ್ಲಿ ಮೈಕು ಹಿಡಿಯುವುದೂ ಒಂದೇ.

ಆದರೆ ಈ ಪೆನ್‌ಡ್ರೈವಿನ ಕಾಲದಲ್ಲಿ ಸಬೀನಾಳ ಲಗ್ನಕ್ಕೆ ಡಿವಿಡಿ ಯಾಕೆ, ಅದರಲ್ಲಿ ಥಿಯೇಟರಿನ ಐದು ದಿಕ್ಕಿನ ಸದ್ದು ಯಾಕೆ, ಗುಲಾಬಿ ಅರಳುವ ಮೆನು ಯಾಕೆ? ಅದಕ್ಕೆಲ್ಲ ಕಾರಣ ಒಂದು ಖಾರೀಕು, ಒಂದು ಒಣ ಖರ್ಜೂರ. ನಿಕಾಹದಲ್ಲಿ ಕಬೂಲಾದ ಮೇಲೆ ಒಣ ಖಾರೀಕು, ಕಲ್ಲುಸಕ್ಕರೆ ತೂರುತ್ತಾರೆ. ಹಿಂದೊಮ್ಮೆ ಕುಷ್ಟಗಿಯ ಲಗ್ನದಲ್ಲಿ ತೂರಿದ ಖಾರೀಕೊಂದು ನೇರ ಬಂದು ಅವನ ಲೆನ್ಸಿನ ಗಾಜು ಸೀಳಿತ್ತು. ಅಂದಿನಿಂದ ಖಾರೀಕಿನ ತಾಟು ಕಂಡರೆ ಅವನ ಕೈ ತಾನಾಗಿ ಜೇಬಿನಲ್ಲಿದ್ದ ಲೆನ್ಸಿನ ಮುಚ್ಚಳಕ್ಕೆ ಹೋಗುತ್ತಿತ್ತು. ಸಬೀನಾಳ ಲಗ್ನದಲ್ಲಿ ಯಾರೋ ಉತ್ಸಾಹಿ, ಕಬೂಲಿಗೆ ಮೊದಲೇ, ಒಂದು ಹಿಡಿ ತೂರಿಬಿಟ್ಟ. ಮಂಜೂರ ಟಪ್ಪನೆ ಮುಚ್ಚಳ ಹಾಕಿದ. ಅಷ್ಟರಲ್ಲಿ ಕಾಜಿಯವರು ಸುಮ್ಮನಿರಿಸಿ ಕೇಳತೊಡಗಿದರು, ಜನ ಒತ್ತಿ ಬಂದರು, ಮಂಜೂರ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು, ಎದೆ ಸೆಟೆಸಿ, ಜಗತ್ತಿನ ಅತ್ಯಂತ ಜವಾಬ್ದಾರಿಯ ಮನುಷ್ಯನ ಹಾಗೆ ನಿಂತ. ಮುಚ್ಚಳ ಅಲ್ಲೇ ಇತ್ತು. ತಾಹೇರ ಮೂರು ಸಲ ಕಬೂಲೆಂದದ್ದರ ದನಿ ಸ್ವಚ್ಛವಾಗಿ ಬಂದಿತ್ತು. ಚಿತ್ರ ಮಾತ್ರ ಅಮಾವಾಸ್ಯೆ.

ತನ್ನ ಸ್ಟುಡಿಯೋ ಅಂಗಡಿಯಲ್ಲಿ ಆ ಕಪ್ಪನ್ನು ಮೊದಲು ಕಂಡಾಗ ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದಿದ್ದ, ಯಾರಾದರೂ ಕಪ್ಪನ್ನು ನೋಡಿಬಿಟ್ಟಾರೆಂಬಂತೆ. ನಂತರ ಅದರ ಮೇಲೆ ಗುಲಾಬಿ ಸುರಿಸಿದ. ಗುಲಾಬಿ ಸಾಲದಾಗ ಎರಡು ಪಾರಿವಾಳ ತಂದ. ಪಾರಿವಾಳದ ಕೊಕ್ಕಿಗೆ ಜರಿಯ ಪಟ್ಟಿ, ಪಟ್ಟಿಯ ಮೇಲೆ ತಾಹೇರ, ಸಬೀನಾ. ಚಿತ್ರವಿಲ್ಲದವನಿಗೆ ದನಿಯೇ ಗತಿ. ಇದ್ದ ಒಂದು ಸದ್ದನ್ನೇ ಐದು ದಿಕ್ಕಿನಿಂದ ಕೇಳಿಸಿದರೆ ಕಣ್ಣಿಗೆ ಏನು ಸಿಕ್ಕಲಿಲ್ಲವೆಂಬುದು ಮರೆತೇ ಹೋಗಬೇಕು. ಅದೃಷ್ಟಕ್ಕೆ ರಾಜಾಸಾಬನ ಮನೆಗೆ ಉಡುಗೊರೆಯಾಗಿ ಹೋಮ್ ಥಿಯೇಟರ್ ಬಂದಿತ್ತು. "ಚಾಚಾ, ಗಂಡಸರ ದನಿ ಟಿವಿ ಕಡಿಂದ, ಹೆಂಗಸರ ದನಿ ಹಿಂದಿಂದ. ನಡು ಕುಂತ್ರ ಶಾದಿಖಾನ್ಯಾಗ ಕುಂತಂಗ," ಎಂದ. "ಹೆಚ್ಚಿಗಿ ಏನೂ ಕೊಡಬ್ಯಾಡ್ರಿ." ರಾಜಾಸಾಬ ಹತ್ತಿಯ ಎಳೆ ಅಂಟಿದ ಮೀಸೆಯಲ್ಲೇ ಅವನನ್ನು ಅಳೆದು, "ಪುಕ್ಕಟ ಯಾಕೋ? ಏನರ ಹೆಚ್ಚು ಕಮ್ಮಿ ಮಾಡೀಯೇನು?" ಎಂದಿದ್ದ. ಮಂಜೂರ ಎಷ್ಟು ಜೋರಾಗಿ ನಕ್ಕನೆಂದರೆ ರಾಜಾಸಾಬನೂ ನಗಬೇಕಾಯಿತು. ಡ್ರೋನು ಹಾರಿಸುವ ಬೇರೆ ಸ್ಟುಡಿಯೋದವರು ಸಾಣಾಪುರದ ಕೆರೆಯಲ್ಲಿ ಹೊಸ ಜೋಡಿಗಳನ್ನು ಹರಿಗೋಲಿನಲ್ಲಿ ತಿರುಗಿಸುತ್ತಿರುವಾಗ ಮಂಜೂರ ಕಪ್ಪು ಪರದೆಯ ಮುಂದೆ ಕೂತು ಪಾರಿವಾಳದ ರೆಕ್ಕೆಗೆ ಸರಿಯಾದ ಸದ್ದು ಹುಡುಕುತ್ತಿದ್ದ. ಕೊನೆಗೆ ಆಪಾ ಸೀರೆ ಕೊಡವುವ ಸದ್ದು ಹೊಂದಿತು.

ಇವತ್ತು ಬೆಳಿಗ್ಗೆ ಮಾತ್ರ ಅವನಿಗೆ ಇನ್ನೊಂದು ತಿಳಿದದ್ದು. ಇಷ್ಟು ದಿನ ಹೆಡ್‌ಫೋನಿನಲ್ಲಷ್ಟೇ ಕೇಳಿದ್ದ. ಕೊನೆಯ ಪರೀಕ್ಷೆಗೆಂದು ಅಂಗಡಿಯ ದೊಡ್ಡ ಸ್ಪೀಕರುಗಳಿಗೆ ಹಚ್ಚಿದಾಗ ಆ ದನಿ ಆಪಾಳ ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಬಂತು. ಆಪಾ ಕಸಬರಿಗೆ ಬಿಟ್ಟು ಹಿಂದೆ ನೋಡಿದಳು. ತನಗೇ ತಿಳಿಯದೆ, ಒಂದೊಂದು ದಿನ ಒಂದೊಂದು ಕೂದಲೆಳೆಯಷ್ಟು, ಅವನು ಅದನ್ನು ಏರಿಸುತ್ತ ಬಂದಿದ್ದ. ಕಾಜಿಯವರಿಗಿಂತ ಆ ದನಿಯವಳೇ ಜೋರಾಗಿದ್ದಳು. "ಲೇ, ಇದು ಆಕಿ ದನಿ ಅಲ್ಲೇನು?" ಎಂದಳು ಆಪಾ. ಯಾರ ದನಿ ಎಂದು ಕೇಳುವ ಬಾಯನ್ನು ಮಂಜೂರ ಕಷ್ಟಪಟ್ಟು ಮುಚ್ಚಿಕೊಂಡ. "ಮಂದಿ ಮುಂದ ಹೆಣ್ಣುಮಗಳ ಮಾತು ಹಿಂಗ ಹಚ್ತೀಯಾ? ಆಕಿ ಅವ್ವಗ ಗೊತ್ತಾದ್ರ ನಿನ್ನ ಕಾಲು ಗಿಡ್ಡ ಆಕ್ಕಾವು, ನೋಡ್ಕೊ." ತಗ್ಗಿಸೋಣವೆಂದರೆ ಅಷ್ಟರಲ್ಲಿ ಕರೆಂಟು ಹೋಯಿತು. ಶುಕ್ರವಾರ ಮಧ್ಯಾಹ್ನ ರಾಜಾಸಾಬನ ಮನೆಯಲ್ಲಿ ಜುಮಗಿ. ಲಗ್ನದ ನಂತರದ ಶುಕ್ರವಾರಗಳಲ್ಲಿ ಅಳಿಯನ ಕಡೆಯವರನ್ನು ಕರೆದು ಉಣ್ಣಿಸುವ ದಿನ. ಇಂದು ಊಟದ ಜೊತೆ ಡಿವಿಡಿಯೂ ಇತ್ತು. ಹೋಗಲೇಬೇಕು. ಹೋಗಿ, ಸ್ಪೀಕರು ಕೂರಿಸುವ ನೆವದಲ್ಲಿ ಹಿಂದಿನ ಎಡಗಡೆಯದರ ತಂತಿ ಕಿತ್ತುಬಿಡುವುದು ಎಂದು ನಿಶ್ಚಯಿಸಿದ. ತನ್ನ ಕೈಯಾರೆ ಅವಳ ಬಾಯಿ ಮುಚ್ಚುವುದು. ಬಸ್ಸಿನಲ್ಲಿ ಹಾಗೆಂದುಕೊಂಡಾಗ ಅವನಿಗೆ ತನ್ನ ತ್ಯಾಗದ ಬಗ್ಗೆ ಕಣ್ಣು ತುಂಬಿ ಬಂತು. ಕಂಡಕ್ಟರು, "ಯಾಕ್ರಿ, ಆರಾಮಿಲ್ಲೇನು?" ಎಂದ.

ರಾಜಾಸಾಬನ ನಡುಮನೆ ಎಂದರೆ ಗಾದಿಗಳ ಗೋದಾಮು. ಮೂರು ಗೋಡೆಗೂ ಗಾದಿಗಳನ್ನು ಅಟ್ಟದ ತನಕ ಪೇರಿಸಿದ್ದರು. ಮಕ್ಕಳು ತುದಿಯಲ್ಲಿ, ಮುದುಕರು ತಳದಲ್ಲಿ, ನಡುವಯಸ್ಸಿನವರು ತಮ್ಮ ತಮ್ಮ ಮೊಣಕಾಲಿಗೆ ತಕ್ಕ ಎತ್ತರದಲ್ಲಿ ಕೂತಿದ್ದರು. ಹೆಂಗಸರೆಲ್ಲ ಹಿಂದೆ, ಅಡಿಗೆಮನೆಯ ಬಾಗಿಲ ಪರದೆಯ ಆಚೀಚೆ. ಒಳಗೆ ಕಾಲಿಟ್ಟು ಒಂದು ಚಪ್ಪಾಳೆ ತಟ್ಟಿದ ಮಂಜೂರ ದಂಗಾದ. ಪ್ರತಿಧ್ವನಿಯೇ ಇಲ್ಲ! ಲಕ್ಷಾಂತರ ಸುರಿದು ಕಟ್ಟುವ ಥಿಯೇಟರಿನಲ್ಲಿ ಸಿಗದ ಮೌನವನ್ನು ರಾಜಾಸಾಬ ಹತ್ತಿ ತುಂಬಿ ಹೊಲಿದಿಟ್ಟಿದ್ದ. ಇಂಥ ಕೋಣೆಯಲ್ಲಿ ಒಂದು ದನಿಯನ್ನು ಕೊಲ್ಲಬೇಕಲ್ಲ ಎಂದು ಅವನಿಗೆ ಸಂಕಟವಾಯಿತು.

"ಬಾರಪಾ ಮಂಜೂರ, ನಿನ್ನ ದಾರಿನ ಕಾಯಾಕ ಹತ್ತಿವಿ," ಎಂದ ರಾಜಾಸಾಬ. ಟಿವಿಯ ಎದುರಿನ ಎತ್ತರದ ಗಾದಿಯ ಮೇಲೆ ಒಬ್ಬ ಮುದುಕರನ್ನು ಕೂರಿಸಿತ್ತು. "ಇವರು ತಾಹೇರನ ಅಜ್ಜಾರು, ಕುಷ್ಟಗಿ ನಜೀರಸಾಬರು. ಲಗ್ನದ ದಿನ ಕಣ್ಣಿನ ಆಪರೇಷನ್ ಆಗಿತ್ತು, ಬರಾಕಾಗಲಿಲ್ಲ. ಮೊಮ್ಮಗ ಕಬೂಲ್ ಅಂದದ್ದ ನೋಡಬೇಕಂತ ಇವತ್ತ ಬಂದಾರ."

ನಜೀರಸಾಬರು ಕಪ್ಪು ಕನ್ನಡಕ ತೆಗೆದು ಹೊಸ ಕಣ್ಣಿನಿಂದ ಮಂಜೂರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಈಗ ಎಲ್ಲಾ ಸಾಫ್ ಕಾಣತೈತಿ. ಮೊದಲ ಎಲ್ಲಾ ಕಪ್ಪಾಗಿತ್ತು ನೋಡಪಾ," ಎಂದರು.

ಮಂಜೂರ ಅವಸರದಿಂದ ಸ್ಪೀಕರುಗಳ ಕಡೆ ತಿರುಗಿದ. ಟಿವಿಗೆ ಬೆನ್ನು ಹಾಕಿ ನಿಂತು ಕೋಣೆಯನ್ನೆಲ್ಲ ಒಮ್ಮೆ ಕಣ್ಣಳತೆ ಮಾಡಿ, ಹಿಂದೆ ಎರಡು ಮೂಲೆಯ ಗಾದಿಗಳ ಮೇಲೆ ಸ್ಪೀಕರು ಕೂರಿಸಿದ. ಕೂರಿಸಿ, ಒಬ್ಬ ಹಿರಿಯರಿಗೆ ದಾರಿ ಬಿಡುವವನಂತೆ ಬಗ್ಗಿ, ಎಡಗಡೆಯದರ ತಂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕಿತ್ತ. ಪಕ್ಕದ ಪರದೆ ಅಲುಗಿತು. ಅಲ್ಲಿ ಯಾರಿದ್ದರೋ ನೋಡುವ ಧೈರ್ಯವಾಗಲಿಲ್ಲ.

ಡಿಸ್ಕು ಒಳಗೆ ಹೋಯಿತು, ಮೆನು ಬಂತು. ನಾಲ್ಕು ಗುಲಾಬಿಗಳು ಅರಳಿದವು; ಒಂದೊಂದರ ಒಳಗೂ ಒಂದು ಪುಟ್ಟ ಲಗ್ನ ನಡೆಯುತ್ತಿತ್ತು. ಹಳದಿ, ನಿಕಾಹ್, ಊಟ, ಬಿದಾಯಿ. ಹಿಂದೆ ಶಹನಾಯಿ. ಕೋಣೆ "ಆಹಾ" ಎಂದಿತು. ಹಳದಿಯ ಗುಲಾಬಿಯಲ್ಲಿ ಸಬೀನಾಳ ಮೂಗಿಗೆ ಯಾರೋ ಅರಿಶಿಣ ಬಳಿದರು. ಊಟದ ಗುಲಾಬಿಯಲ್ಲಿ ರಾಜಾಸಾಬನ ತಮ್ಮ ಎಲುಬಿನ ತುಂಡೊಂದನ್ನು ಬಾಯಿಗೆ ಒಯ್ದ. ಅಷ್ಟರಲ್ಲಿ ಗುಲಾಬಿಗಳು ಮುಚ್ಚಿ ಮತ್ತೆ ಅರಳಿದವು. ಮತ್ತೆ ಮೂಗಿಗೆ ಅರಿಶಿಣ, ಮತ್ತೆ ಎಲುಬು. ರಿಮೋಟು ರಾಜಾಸಾಬನ ಕೈಯಲ್ಲಿತ್ತು. ಅವನು ಅದನ್ನು ಎದೆಗೆ ಒತ್ತಿ ಹಿಡಿದು ತಲೆದೂಗುತ್ತಿದ್ದ. ಯಾವುದಾದರೂ ಗುಲಾಬಿಯನ್ನು ಆರಿಸಿ ಒತ್ತಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಲಗ್ನದ ಡಿವಿಡಿ ಎಂದರೆ ಇದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಏಳೆಂಟು ಸುತ್ತು ಆದ ಮೇಲೆ ಜನ ಸರಿಯಾದ ಜಾಗದಲ್ಲಿ ಸರಿಯಾಗಿ ನಗತೊಡಗಿದರು. "ಈಗ ಎಲುಬು ಬರತೈತಿ," ಎಂದು ಮೇಲಿನ ಗಾದಿಯ ಮಕ್ಕಳು ಕೂಗಿದರು, ಎಲುಬು ಬಂತು. "ತಿಂದದ್ದನ್ನ ಎಷ್ಟ ಸಲ ತಿಂತಾನಪಾ ಇವ," ಎಂದರು ನಜೀರಸಾಬರು. ರಾಜಾಸಾಬನ ತಮ್ಮ ಮೊದಲು ನಾಚಿ, ಆಮೇಲೆ ಹೆಮ್ಮೆಪಟ್ಟು, ಕೊನೆಗೆ ಕೂತಲ್ಲೇ ಕೈಯನ್ನು ಬಾಯಿಗೆ ಒಯ್ದು ತಾಳ ಹಾಕಿದ.

ಮಂಜೂರನ ಎದೆಯಲ್ಲಿ ಹುಚ್ಚು ಸಂತೋಷವೊಂದು ಗುಲಾಬಿಯ ಹಾಗೆ ಅರಳಿ ಮುಚ್ಚಿ ಅರಳಿತು. ಹೀಗೇ ನಡೆದುಹೋದರೆ! ಯಾರೂ ಏನನ್ನೂ ಒತ್ತದೆ, ಎಲುಬು ತಿನ್ನುತ್ತ ತಿನ್ನುತ್ತ ಬಿರ್ಯಾನಿ ಬೆಂದು, ದಸ್ತರಖಾನ ಹಾಸಿ, ಊಟವಾಗಿ, ಬಸ್ಸಿನ ಹೊತ್ತಾಗಿಬಿಟ್ಟರೆ! ಮನುಷ್ಯರಿಗೆ ಪೂರ್ತಿ ಲಗ್ನ ಬೇಕಿಲ್ಲ, ಅರ್ಧ ನಿಮಿಷದ ಲಗ್ನ ಸಾಕು ಎಂಬ ತತ್ವವೊಂದು ಹೊಳೆಯುತ್ತಿರುವಾಗಲೇ ಹಿಂದಿನಿಂದ ಹೆಣ್ಣುದನಿಯೊಂದು, "ಮಾಮೂ, ಎರಡನೇ ಹೂವಿನ ಮ್ಯಾಲ ಒತ್ತರಿ, ನಿಕಾಹ್ ಬರತೈತಿ," ಎಂದಿತು.

ಸ್ಪೀಕರಲ್ಲ. ಸ್ಪೀಕರಿನಿಂದ ಬಂದರೆ ಅದಕ್ಕೊಂದು ಸಣ್ಣ ತವರದ ಅಂಚು ಇರುತ್ತದೆ, ಇದಕ್ಕಿರಲಿಲ್ಲ. ಆದರೆ ಅದೇ ದನಿ. ಮಂಜೂರ ತಿರುಗಲಿಲ್ಲ. ರಾಜಾಸಾಬ ಒತ್ತಿದ.

ಶಾದಿಖಾನೆ ಬಂತು. ಕಾಜಿಯವರ ಗಂಟಲು ಸರಿಪಡಿಸಿಕೊಳ್ಳುವ ಸದ್ದು ಟಿವಿಯ ಕೆಳಗಿನಿಂದ ಎದ್ದು ಬಂದಾಗ ಇಬ್ಬರು ಮುದುಕರು ತಲೆಗೆ ಟೋಪಿ ಹಾಕಿಕೊಂಡರು. ಆಮೇಲೆ ಆ ಉತ್ಸಾಹಿ ಖಾರೀಕು ತೂರಿದ. ಟಪಟಪಟಪ ಎಂದು ಅದು ತಲೆಯ ಮೇಲಿಂದ ಹಾರಿ ಹಿಂದಿನ ಮೂಲೆಯ ಪರದೆಗೆ ಬಡಿದಾಗ ಇಡೀ ಕೋಣೆ ತಲೆ ತಗ್ಗಿಸಿತು. ಒಬ್ಬಳು "ಅಯ್ಯೋ ನನ್ನ ಕೂಸು" ಎಂದು ಮಗುವಿಗೆ ಸೆರಗು ಮುಚ್ಚಿದಳು. ಮೇಲಿನ ಗಾದಿಯಿಂದ ಒಬ್ಬ ಕೆಳಗಿನ ಗಾದಿಗೆ ಉರುಳಿದ, ಅಲ್ಲಿ ಮೆತ್ತಗಿದ್ದುದರಿಂದ ಅಲ್ಲೇ ಉಳಿದ. "ವಾರೆವ್ಹಾ!" ಎಂದು ರಾಜಾಸಾಬ ಕೂಗಿದ. ಅದು ಮಂಜೂರನ ಬದುಕಿನ ಅತ್ಯಂತ ದೊಡ್ಡ ಗಳಿಗೆ. ಆ ಗಳಿಗೆಯಲ್ಲೇ ಅವನಿಗೆ ಹೊಳೆಯಿತು. ಖಾರೀಕು ಬಡಿದದ್ದು ಹಿಂದಿನ ಎಡ ಮೂಲೆಗೆ. ತಾನು ತಂತಿ ಕಿತ್ತ ಮೂಲೆ ಯಾವುದು? ಟಿವಿಗೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ಎಡವೆಂದು ಲೆಕ್ಕ ಹಾಕಿದ್ದ. ತನ್ನ ಎಡ ಅವರ ಬಲ.

ಟಿವಿ ಕಪ್ಪಾಗುವ ಮೊದಲೇ ಗುಲಾಬಿ ಸುರಿದವು. ಪಾರಿವಾಳ ಸೀರೆ ಕೊಡವುತ್ತ ಹಾರಿದವು. "ಕಬೂಲ್ ಹೈ" ಎಂದಿತು ತಾಹೇರನ ದನಿ. "ಎಲ್ಲದಾನ?" ಎಂದರು ನಜೀರಸಾಬರು. "ಕಬೂಲ್ ಹೈ." "ಹಕ್ಕಿ ಯಾಕ ಬಂದ್ವು? ತಾಹೇರ ಎಲ್ಲಿ?" "ಕಬೂಲ್ ಹೈ." ಮಂಜೂರ ಎದ್ದು ಮೂಲೆಗೆ ಧಾವಿಸಿದ, ಯಾರದೋ ಕಾಲು ತುಳಿದ, ಗಾದಿಯೊಂದರಲ್ಲಿ ಮೊಣಕಾಲಿನ ತನಕ ಹೂತ. ಅಲ್ಲಿಂದಲೇ ಕೇಳಬೇಕಾಯಿತು.

"ಆ ಉದ್ದಾನಾಂವನ್ನ ನೋಡ್ರೇ, ಎಂಥಾ ಛಂದ ನಿಂತಾನ..."

ತಾಟು ಬಿದ್ದವು. ರಾಜಾಸಾಬ ತಟ್ಟನೆ ರಿಮೋಟು ಒತ್ತಿ ನಿಲ್ಲಿಸಿದ. ಪಾರಿವಾಳಗಳು ಗಾಳಿಯಲ್ಲೇ ನಿಂತವು. ಗಂಡಸರೆಲ್ಲ ಹಿಂದೆ ತಿರುಗಿದರು. "ಯಾರದು ಮಾತಾಡಿದ್ದು?" ಎಂದು ಒಬ್ಬರು ಸ್ಪೀಕರನ್ನೇ ಗದರಿಸಿದರು. ಪರದೆಯ ಆಚೆ ಕಿಸಿಕಿಸಿ ಎದ್ದಿತು. "ಮುಸ್ಕಾನಾ, ನಿಂದಽ ದನಿ ಐತಲ್ಲೇ!" ಎಂದು ಯಾರೋ ಅಂದೇಬಿಟ್ಟರು. ಕಿಸಿಕಿಸಿ ನಿಂತಿತು. "ಉದ್ದಾನಾಂವ ಅಂದ್ರ ಯಾರಽ?" ಎಂದು ಒಬ್ಬಳು ಹಿರಿಯಳು, ಅವಳ ತಾಯಿಯೇ ಇರಬೇಕು, ತಣ್ಣಗೆ ಕೇಳಿದಳು. ಎಲ್ಲರೂ ಗಾದಿಯಲ್ಲಿ ಹೂತ ಮಂಜೂರನನ್ನು ನೋಡಿದರು. ಹೂತಿದ್ದರೂ ಅವನೇ ಉದ್ದ.

ಪರದೆಯನ್ನು ಸರಿಸಿ ಅವಳು ಈಚೆ ಬಂದು ನಿಂತಿದ್ದಳು. ಯಲಬುರ್ಗಾದ ಉರ್ದು ಸಾಲಿಯಲ್ಲಿ ಟೀಚರಂತೆ, ಸಬೀನಾಳ ಸೋದರತ್ತೆಯ ಮಗಳಂತೆ ಎಂಬುದನ್ನೆಲ್ಲ ಅವನು ಸುತ್ತಲಿನ ಗುಸುಗುಸಿನಿಂದ ಹೆಕ್ಕಿಕೊಂಡ. ಇಷ್ಟು ದಿನ ದಿಕ್ಕಾಗಿದ್ದದ್ದಕ್ಕೆ ಈಗ ಕನ್ನಡಕ, ಮೊಳಕೈಗೆ ಅಂಟಿದ ಮೈದಾಹಿಟ್ಟು, ಸ್ವಲ್ಪ ಮುಂದೆ ಬಂದ ಒಂದು ಹಲ್ಲು ಬಂದದ್ದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು. ಇದೆಲ್ಲ ಆ ದನಿಯಲ್ಲೇ ಇತ್ತು, ತನಗೆ ಕೇಳಿಸಿರಲಿಲ್ಲ ಅಷ್ಟೆ. ಅವಳು ತಾಯಿಯ ಮುಖ ನೋಡಿದಳು, ನಿಂತ ಪಾರಿವಾಳಗಳನ್ನು ನೋಡಿದಳು, ಅವನನ್ನು ನೋಡಿದಳು.

"ಅದು... ಬ್ಯಾರೆ ಲಗ್ನದ ದನಿರಿ," ಎಂದ ಮಂಜೂರ. "ಕಂಪ್ಯೂಟರ್‌ನ್ಯಾಗ ಕೂಡೇತಿ."

"ಸುಳ್ಳ್ಯಾಕ ಹೇಳ್ತೀರಿ?" ಎಂದಳು ಮುಸ್ಕಾನ. "ನಾನಽ ಅಂದೀನಿ. ನೀವು ಅರ್ಧಾ ಹಚ್ಚೀರಿ."

"ಹಂಗಾರ ಪೂರಾ ಹೇಳು," ಎಂದಳು ತಾಯಿ.

"ಬ್ಯಾಡ ಬಿಡವಾ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅವಳ ಹೆಸರಿಗೆ ಒಂದು ಸಣ್ಣ ಕಲೆ, ಅವನಿಗೆ ನಾಲ್ಕು ಬೈಗುಳ, ಬಿರ್ಯಾನಿ. ಆದರೆ ಆ ಮಾತಿನ ಉಳಿದರ್ಧ ಇಡೀ ಜಗತ್ತಿನಲ್ಲಿ ಒಬ್ಬಳ ಬಳಿ ಇತ್ತು, ಅವಳು ಕೈಗೆಟುಕುವ ದೂರದಲ್ಲಿ, ಹಿಂದಿನ ಎಡಗಡೆಯಲ್ಲೇ, ನಿಂತಿದ್ದಳು. ಮಂಜೂರನ ಬಾಯಿ ಅವನನ್ನು ಕೇಳದೆ ತೆರೆಯಿತು. "ಮುಂದೇನಂದ್ರಿ? ದಯಮಾಡಿ ಹೇಳ್ರಿ. ಭಾಳ ದಿನದಿಂದ ಕೇಳಾಕ ಹತ್ತೀನಿ, ತಾಟು ಬೀಳ್ತಾವು."

ಮೇಲಿನ ಗಾದಿಯ ಮಕ್ಕಳು ತುದಿಗೆ ಸರಿದು ಬಗ್ಗಿದರು.

"ಹೇಳ್ಲೇನು?" ಎಂದಳು ಮುಸ್ಕಾನ. ಅದು ಎಚ್ಚರಿಕೆಯ ದನಿ, ದಡ್ಡ ಮಕ್ಕಳಿಗೆ ಟೀಚರುಗಳು ಕೊಡುವ ಕೊನೆಯ ಅವಕಾಶ.

"ಹೇಳ್ರಿ."

"'ಆ ಉದ್ದಾನಾಂವನ್ನ ನೋಡ್ರೇ, ಎಂಥಾ ಛಂದ ನಿಂತಾನ, ಕ್ಯಾಮೆರಾಕ್ಕ ಮುಚ್ಚಳ ಹಾಕ್ಕೊಂಡು!' ಅಂದೆ."

ಮೊದಲು ನಕ್ಕದ್ದು ಅವಳ ತಾಯಿ. ಆಮೇಲೆ ಪರದೆಯ ಆಚೆ, ಗಾದಿಗಳ ಮೇಲೆ, ಗಾದಿಗಳ ಕೆಳಗೆ, ಐದೂ ದಿಕ್ಕಿನಿಂದ ನಗು ಬಂತು. ಮಂಜೂರನಿಗೆ ಕಿವಿ ಕಾದವು, ಕಣ್ಣು ಕತ್ತಲೆಗಟ್ಟಿತು, ಕತ್ತಲಲ್ಲಿ ಪಾರಿವಾಳ ಹಾರಿದವು. ಅವಮಾನ ಪೂರ್ತಿ ಮೈಗೆ ಹರಡುವ ಮೊದಲೇ ಅವನಿಗೂ ನಗು ಬಂದುಬಿಟ್ಟಿತು. ಎಂಥ ಛಂದದ ಮಾತು! ಎಷ್ಟು ಸರಿಯಾಗಿ ಮುಗಿಯುತ್ತದೆ! ಇದರ ಮುಂದೆ ತಾನು ಕಲ್ಪಿಸಿಕೊಂಡ ಉಳಿದರ್ಧಗಳೆಲ್ಲ ಸಪ್ಪೆ. ರಾಜಾಸಾಬ ಮಾತ್ರ ನಗಲಿಲ್ಲ. ಪಾರಿವಾಳದತ್ತ ರಿಮೋಟು ತೋರಿಸಿ, "ಅಂದ್ರ ಇದರ ಹಿಂದ ನನ್ನ ಅಳಿಯ ಇಲ್ಲ?" ಎಂದ.

"ಇಲ್ರಿ ಚಾಚಾ. ಕಪ್ಪೈತಿ."

"ಅದಕ್ಕಽ ಪುಕ್ಕಟ."

"ಹೌದ್ರಿ."

ನಗು ಇಳಿಯಿತು. ಎಲ್ಲರೂ ನಜೀರಸಾಬರನ್ನು ನೋಡಿದರು. ಅವರು ಹೊಸ ಕಣ್ಣನ್ನು ಟವೆಲ್ಲಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. "ಕಣ್ಣಿನ ಪೊರಿ ತಗಸಿ, ಬಸ್ ಹತ್ತಿ, ಹಕ್ಕಿ ನೋಡಾಕ ಬಂದಂಗಾತು," ಎಂದರು. ಮಂಜೂರನಿಗೆ ಆಗ ನಿಜಕ್ಕೂ ನೋವಾಯಿತು. ಬೈದಿದ್ದರೆ ಚೆನ್ನಾಗಿತ್ತು.

"ದನಿ ಐತಲ್ರಿ," ಎಂದಳು ಮುಸ್ಕಾನ. "ತಾಹೇರ ಭಾಯಿನೂ ಇಲ್ಲೇ ಅದಾರ. ಖಾರೀಕು ಅಡಿಗಿಮನ್ಯಾಗ ಅದಾವು. ಈ ಸಲ ಮುಚ್ಚಳ ತಗದು ಹಿಡೀಲಿ."

ಕೋಣೆ ಹುಚ್ಚೆದ್ದಿತು. ಸಬೀನಾಳನ್ನು ಪರದೆಯ ಆಚೆ ಕೂರಿಸಿದರು. ತಾಹೇರನನ್ನು ಹೊಸ ಗಾದಿಯ ಮೇಲೆ ಹತ್ತಿಸಿ, ಮದುಮಗನ ಮುಖಕ್ಕೆ ಇಳಿಬಿಡುವ ಮಲ್ಲಿಗೆಯ ದಂಡೆ ಸಿಗದೆ ಬಾಗಿಲ ಪ್ಲಾಸ್ಟಿಕ್ ತೋರಣವನ್ನೇ ಹಣೆಗೆ ಕಟ್ಟಿದರು. ಆಗ ನಜೀರಸಾಬರು ಕೈಯೆತ್ತಿದರು. "ತಡೀರಿ. ನಿಕಾಹದ ಮಾತು ಚಾಷ್ಟಿಗಂದ್ರೂ ಖರೇನಽ. ಮತ್ತೊಮ್ಮೆ ಕಬೂಲ್ ಅಂದ್ರ ಮತ್ತೊಂದು ಲಗ್ನ ಆದಂಗ ಆದೀತು, ಹುಷಾರು." ತಾಹೇರ ತೋರಣದೊಳಗಿಂದ ಭಯಪಟ್ಟು ನೋಡಿದ. ಮುದುಕರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು: "ನೀ ಬರೇ ತುಟಿ ಅಲುಗಿಸು. ಅನ್ನೂದೆಲ್ಲಾ ಆ ಸ್ಪೀಕರ್ ಡಬ್ಬಿ ಅನ್ನಲಿ."

ಮಂಜೂರ ಚೀಲದಿಂದ ಕ್ಯಾಮೆರಾ ತೆಗೆದ. ಕಿತ್ತ ತಂತಿಯನ್ನು ಮರಳಿ ಸಿಕ್ಕಿಸಿದ. ಜನ ಆಗಲೇ ಮುಷ್ಟಿಗಳಲ್ಲಿ ಖಾರೀಕು ತುಂಬಿಕೊಂಡಿದ್ದರು. ಅದನ್ನು ಕಂಡು ಅವನ ಕೈ ಅವನಿಗೆ ತಿಳಿಯದೆ ಮುಚ್ಚಳಕ್ಕೆ ಹೋಗಿ ಟಪ್ಪನೆ ಹಾಕಿಬಿಟ್ಟಿತು. ಎಡಗಡೆಯಿಂದ ಹಿಟ್ಟು ಹತ್ತಿದ ಅಂಗೈಯೊಂದು ಚಾಚಿತು.

"ಇತ್ತ ಕೊಡ್ರಿ ಅದನ್ನ."

ಕೊಟ್ಟ. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಪರದೆಯ ಆಚೆ ಹೋದಳು. ರಾಜಾಸಾಬ ರಿಮೋಟಿನಿಂದ ಮತ್ತೆ ಎರಡನೆಯ ಹೂವನ್ನೇ ಒತ್ತಿದ. ಡಬ್ಬಿ ಕಬೂಲ್ ಹೈ ಎಂದಿತು, ತಾಹೇರ ತುಟಿ ಅಲುಗಿಸಿದ, ನಜೀರಸಾಬರು ಕಣ್ಣು ಮಿಟುಕಿಸದೆ ಟಿವಿಯನ್ನು ಬಿಟ್ಟು ಮೊಮ್ಮಗನನ್ನೇ ನೋಡಿದರು, ಮೂರನೆಯ ಕಬೂಲಿಗೆ ನಿಜವಾದ ಖಾರೀಕೂ ಸ್ಪೀಕರಿನ ಖಾರೀಕೂ ಒಟ್ಟಿಗೆ ಹಾರಿದವು. ಒಂದು ಬಂದು ಮಂಜೂರನ ಹುಬ್ಬಿಗೆ ತಾಕಿತು. ಅವನು ಕ್ಯಾಮೆರಾವನ್ನು ತಲೆಯ ಮೇಲೆತ್ತಿ, ಎದೆ ಸೆಟೆಸಿ, ಛಂದ ನಿಂತಿದ್ದ. ಸ್ಪೀಕರು, "ಆ ಉದ್ದಾನಾಂವನ್ನ ನೋಡ್ರೇ, ಎಂಥಾ ಛಂದ ನಿಂತಾನ..." ಎಂದಿತು. ತಾಟು ಬಿದ್ದವು.

"ಚಾಚಾ," ಎಂದ ಅವನು, ಕ್ಯಾಮೆರಾ ಇಳಿಸದೆ, "ಆ ಮುಚ್ಚಳ ನನಗ ಬೇಕಾಗತೈತ್ರಿ."

"ನನ್ನ ಕಡೆ ಎಲ್ಲೈತಿ?" ಎಂದ ರಾಜಾಸಾಬ.

"ಬೇಕಾದಾಗ ಯಲಬುರ್ಗಾಕ್ಕ ಬಂದು ಒಯ್ಯಲಿ," ಎಂದಿತು ಹಿಂದಿನ ಎಡಗಡೆ, ಯಾವ ತಾಟೂ ಬೀಳಲಿಲ್ಲ, "ಬರಾಗ ಅವ್ವನ ಕೂಡ ಮಾತಾಡಾಕ ಆಪಾನ್ನೂ ಕರಕೊಂಡು ಬರಲಿ."